ಸಸ್ಯಾಹಾರಿ ರಕ್ತ ಬೇಕಾಗಿದೆ

ನನಗೆ ಥಲಸ್ಸೀಮಿಯಾ. ಬೇಕಾದಷ್ಟು ರಕ್ತವನ್ನು ತಾನೇ ತಯಾರಿಸಿಕೊಳ್ಳಲು ನನ್ನ ಮೈಗೆ ಬರುವುದಿಲ್ಲ. ಹಾಗಾಗಿ ಕೂಸಾಗಿದ್ದಾಗಿನಿಂದ ತಿಂಗಳು ತಿಂಗಳು ಯಾರ‍್ಯಾರದೋ ರಕ್ತ ಏರಿಸಿಕೊಂಡೇ ಬೆಳೆದೆ. ಭದ್ರಾವತಿಯ ಜನ್ನಾಪುರದಿಂದ ಶಿವಮೊಗ್ಗಕ್ಕೆ ಬಸ್ಸು, ಆಸ್ಪತ್ರೆಯಲ್ಲಿ ಒಂದು ಚೀಲ ರಕ್ತ, ಸಂಜೆಗೆ ಮನೆ. ಇಷ್ಟು ಸಲೀಸಾಗಿದ್ದದ್ದು ನನ್ನ ಪಿಯುಸಿ ಮುಗಿದ ಬೇಸಿಗೆಯಲ್ಲಿ, 2002ರಲ್ಲಿ, ಕೆಟ್ಟಿತು. ಏರಿಸಿಕೊಂಡು ಬಂದ ವಾರದಲ್ಲೇ ಜ್ವರ, ನಡುಕ. ಕಣ್ಣು ಅರಿಶಿನ. ಮೆಟ್ಟಿಲು ಹತ್ತಿದರೆ ಏದುಸಿರು.

ಡಾಕ್ಟರು ಬಿಡಿಸಿ ಹೇಳಿದರು. ಗುಂಪು ಒಂದೇ ಆದರೂ ರಕ್ತಕಣಗಳ ಮೇಲೆ ಇನ್ನೂ ಎಷ್ಟೋ ಸಣ್ಣ ಗುರುತುಗಳಿರುತ್ತವಂತೆ. ಅಷ್ಟು ಜನರ ರಕ್ತ ಕಂಡ ನನ್ನ ಮೈ ಅಂಥ ಕೆಲವು ಗುರುತುಗಳನ್ನು ಶತ್ರುವೆಂದು ತಿಳಿದು, ಬಂದ ರಕ್ತವನ್ನೇ ಹೊಡೆದುಹಾಕುವುದನ್ನು ಕಲಿತಿದೆಯಂತೆ. ಇನ್ನು ಮುಂದೆ ಆ ಗುರುತುಗಳಿಲ್ಲದ ರಕ್ತವೇ ಬೇಕು, ಅದೂ ಬೇಗ ಬೇಕು ಎಂದರು.

ಅಜ್ಜಿ ಜಗದಾಂಬಾ ಎಲ್ಲದಕ್ಕೂ ತಲೆಯಾಡಿಸಿದಳು. ಹೊರಗೆ ಬಂದವಳೇ ತೀರ್ಪು ಕೊಟ್ಟಳು.

"ಯಾರೋ ಮೀನು ತಿನ್ನೋರ ರಕ್ತ ಹಾಕಿದಾರೆ ಕಣೇ ಅಮೂಲ್ಯ. ಲಿಂಗ ಕಟ್ಟಿದ ಮೈಗೆ ಹೆಂಗೆ ಒಗ್ಗುತ್ತೆ?"

"ಇಷ್ಟು ವರ್ಷ ಒಗ್ಗಿತ್ತಲ್ಲ ಅಜ್ಜಿ?"

"ಆಗ ನಿನ್ನ ಮೈಗೆ ತಿಳುವಳಿಕೆ ಬಂದಿರ್ಲಿಲ್ಲ."

ಇಂಥ ಮಾತಿಗೆ ಡಾಕ್ಟರ ಹತ್ತಿರವೂ ಔಷಧಿ ಇಲ್ಲ. ಸವಳಂಗ ರಸ್ತೆಯ ದೊಡ್ಡಪ್ಪ ಮುರುಗೇಶಪ್ಪ ಅಡಿಕೆ ವ್ಯಾಪಾರಿ. ಅವರು ಬೆಂಕಿಗೆ ತುಪ್ಪ ಸುರಿದರು. "ಅಮ್ಮ ಹೇಳೋದು ಸರಿ. ಒಳ್ಳೆ ಸರಕಿಗೆ ಗೊರಬಲು ಅಡಿಕೆ ಬೆರೆಸಿದ್ರೆ ಲಾಟೇ ಕೆಡುತ್ತೆ. ನಮ್ಮ ಹುಡುಗಿಗೆ ನಮ್ಮೋರ ರಕ್ತನೇ ಹಾಕ್ಸೋಣ."

ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಟೆಂಪೋ ಬಂತು. ಬಂಧುಗಳೆಲ್ಲ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದು ಮದುವೆ ದಿಬ್ಬಣದ ಹಾಗೆ ಹತ್ತಿದರು. ಮಲವಗೊಪ್ಪದ ಹತ್ತಿರ ಬರುವಾಗ ಜ್ಞಾನೇಶ್ ಮಾವ ಇದ್ದಕ್ಕಿದ್ದಂತೆ ಹೊಟ್ಟೆನೋವೆಂದು ಇಳಿದುಹೋದರು. ಹೋಟೆಲಿನಲ್ಲಿ ಕದ್ದು ತಿಂದ ಆಮ್ಲೆಟ್ಟುಗಳು ಪರೀಕ್ಷೆಯಲ್ಲಿ ಹೊರಬೀಳುತ್ತವೆಂದು ಅವರಿಗೆ ಭಯ. ಅದು ಅಜ್ಜಿಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಗೊತ್ತಾಯಿತು.

ರಕ್ತನಿಧಿಯಲ್ಲಿ ಎಲ್ಲರಿಂದ ಸ್ವಲ್ಪ ಸ್ವಲ್ಪ ರಕ್ತ ತೆಗೆದು, ಗುಂಪು ಕೂಡಿಬಂದವರದನ್ನು ನನ್ನದರ ಜೊತೆ ಬೆರೆಸಿ ನೋಡಿದರು. ಒಬ್ಬರದೂ ಹೊಂದಲಿಲ್ಲ.

"ನಮ್ದು ರಿಜೆಕ್ಟಾ?" ದೊಡ್ಡಪ್ಪನ ಮೀಸೆ ಅದುರಿತು. "ಇನ್ನೊಂದ್ಸಲ ಸ್ಯಾಂಪಲ್ ನೋಡ್ರೀ!"

ಅವರಿಗೆ ಅವಮಾನದ ಚಿಂತೆ, ನನಗೆ ಜೀವದ್ದು. ಬೆಂಚಿನ ಮೇಲೆ ಕೂತಲ್ಲೇ ಕಣ್ಣು ಕತ್ತಲೆ ಬರುತ್ತಿತ್ತು. ಅಷ್ಟರಲ್ಲಿ ಕಾದು ಕಾದು ಬೇಜಾರಾದ ಟೆಂಪೋ ಡ್ರೈವರ್ ಚೌಡಪ್ಪ, "ನಂದೂ ಒಂದ್ಸಲ ನೋಡಿ ಸಾರ್, ಸುಮ್ನೆ ಕೂತಿದೀನಿ" ಎಂದು ಅಂಗಿಯ ತೋಳು ಮಡಿಸಿದ. ಹೊಂದಿದ್ದು ಅವನದೇ.

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬೆಳಿಗ್ಗೆ ಏನು ತಿಂದೆಯಪ್ಪಾ?"

"ನಿನ್ನೆದು ಮೀನು ಸಾರು ಉಳಿದಿತ್ತಮ್ಮ. ಮಾರನೇ ದಿನಕ್ಕೇ ಅದರ ರುಚಿ!"

ಅಜ್ಜಿ ಕುಸಿದು ಕೂತಳು. "ಈ ರಕ್ತ ನಮ್ಮ ಮೈಗೆ ಆಗಲ್ಲ ಮಾರಾಯ" ಎಂದು ಅವನೆದುರಿಗೇ ಅಂದುಬಿಟ್ಟಳು. ಚೌಡಪ್ಪನ ಮುಖ ಸಣ್ಣದಾಯಿತು. ನನಗೆ ರೇಗಿತು.

"ಅಜ್ಜಿ, ನಾನು ಬದುಕ್ಬೇಕು! ಅವರು ಮೀನು ತಿನ್ಲಿ, ಮೊಸಳೆ ತಿನ್ಲಿ, ನಂಗೆ ಬೇಕು ಆ ರಕ್ತ!"

ಉಳಿದ ಪರೀಕ್ಷೆಗಳೆಲ್ಲ ಮುಗಿದು ಚೀಲ ಬಂದಾಗ ಅಜ್ಜಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು. ಸಿಸ್ಟರು ಬೈದು ಒರೆಸಿದರು.

ಈ ಸಲ ಜ್ವರವಿಲ್ಲ, ನಡುಕವಿಲ್ಲ. ವಾರ ಕಳೆಯುವುದರೊಳಗೆ ಕಣ್ಣು ಬಿಳಿಯಾಗಿ, ಅಜ್ಜಿಯ ಜೊತೆ ಜಗಳವಾಡುವಷ್ಟು ತ್ರಾಣ ಬಂತು. ಆದರೆ ಚೌಡಪ್ಪ ಮತ್ತೆ ರಕ್ತ ಕೊಡಲು ಮೂರು ತಿಂಗಳು ಕಾಯಬೇಕು, ನನಗೆ ಮುಂದಿನ ತಿಂಗಳೇ ಬೇಕು. ಅವನ ಒಡಹುಟ್ಟಿದವರದೂ ಹೊಂದುವ ಸಾಧ್ಯತೆ ಹೆಚ್ಚು, ಅವನ ತಮ್ಮಂದಿರನ್ನು ಕೇಳಿ ಎಂದರು ಡಾಕ್ಟರು.

ಹೀಗೆ ಒಂದು ಭಾನುವಾರ ಮಧ್ಯಾಹ್ನ ನಾನೂ ಅಜ್ಜಿಯೂ ಮಲವಗೊಪ್ಪದ ಚೌಡಪ್ಪನ ಮನೆ ಬಾಗಿಲಲ್ಲಿ ನಿಂತೆವು. ಒಳಗಿನಿಂದ ಮೀನಿನ ವಾಸನೆ ಗಮ್ಮೆಂದು ಬಂತು. ಅಜ್ಜಿ ಸೆರಗನ್ನು ಮೂಗಿನವರೆಗೆ ತಂದು, ಏನೋ ನೆನಪಾದಂತೆ ಬಿಟ್ಟಳು. ಅವನ ತಾಯಿ ಸಣ್ಣಮ್ಮ ಹೊಸಿಲು ದಾಟಿ ಬಂದಳು, ನಾವು ಬಂದ ಕಾರಣ ಕೇಳಿಯೂ ಒಳಗೆ ಬನ್ನಿ ಎನ್ನಲಿಲ್ಲ.

"ನಮ್ಮ ರಕ್ತ ನಿಮ್ಮ ಮೈಗೆ ಆಗಲ್ಲ ಅಂದ್ರಂತಲ್ಲ ಅಮ್ಮಾರೇ? ಚೌಡ ಬಂದು ಹೇಳ್ದ. ಅವತ್ತು ಅವ್ನು ಊಟನೇ ಮಾಡ್ಲಿಲ್ಲ."

ಈ ಬಾಗಿಲು ಮುಚ್ಚಿದರೆ ನನಗೆ ಬೇರೆ ಬಾಗಿಲಿಲ್ಲ.

"ಅಂದಿದ್ದೆ ಕಣಮ್ಮ. ತಪ್ಪಾಯ್ತು," ಎಂದಳು ಅಜ್ಜಿ. ಅವಳ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. "ಬಿಸಿಲಲ್ಲಿ ಬಂದಿದೀನಿ, ಒಂದು ಲೋಟ ನೀರು ಕೊಡು."

ನಮ್ಮ ಬಂಧುಗಳ ಮನೆ ಬಿಟ್ಟು ಬೇರೆಲ್ಲೂ ಅವಳು ನೀರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಸಣ್ಣಮ್ಮ ಅನುಮಾನಿಸುತ್ತಲೇ ಲೋಟ ತಂದಳು. ಅಜ್ಜಿ ಎತ್ತಿ ಕುಡಿಯಲಿಲ್ಲ, ಲೋಟ ಕಚ್ಚಿಯೇ ಕುಡಿದಳು. ನನ್ನ ಕಣ್ಣು ತುಂಬಿ ಬಂತು.

ಸಣ್ಣಮ್ಮನಿಗೂ ಏನಾಯಿತೋ, ಒಳಕ್ಕೆ ತಿರುಗಿ ಕೂಗಿದಳು. "ಏ, ಕೈ ತೊಳ್ಕೊಂಡು ಬರ‍್ರೋ! ಅಮ್ಮಾರು ರಕ್ತ ಕೇಳ್ಕೊಂಡು ಬಂದವ್ರೆ!"

ಉಣ್ಣುತ್ತಿದ್ದ ತಮ್ಮಂದಿರು ತಟ್ಟೆ ಬಿಟ್ಟು ದಡಬಡ ಎದ್ದರು. ಅಜ್ಜಿ ಗಾಬರಿಯಾಗಿ ಎರಡೂ ಕೈ ಚಾಚಿ ಹೊಸಿಲು ದಾಟಿದಳು.

"ಅಯ್ಯೋ, ಏಳಬೇಡಿ ಮಾರಾಯ್ರಾ, ಕೂತ್ಕೊಳ್ಳಿ! ಅರ್ಧ ಹೊಟ್ಟೇಲಿ ಎದ್ರೆ ಮೈಯಲ್ಲಿ ರಕ್ತ ಎಲ್ಲಿಂದ ಬರುತ್ತೆ? ಸಣ್ಣಮ್ಮ, ನೋಡ್ತಾ ನಿಂತ್ಯಲ್ಲೇ, ಹುಡುಗ್ರಿಗೆ ಇನ್ನೊಂದೊಂದು ಮೀನು ಹಾಕೇ!"