ಬರುವವರ ಪಾಲು

ಆ ಮನೆಯಲ್ಲಿ ಉಣ್ಣುವವರು ನಾಲ್ವರು: ಮಾವ, ಅತ್ತೆ, ಮಗ, ಸೊಸೆ. ಬೇಯುತ್ತಿದ್ದದ್ದು ಮಾತ್ರ ಎಂಟು ಜನರ ಅನ್ನ. ಹೆಚ್ಚಿನದ್ದಕ್ಕೆ ‘ಬರುವವರ ಪಾಲು’ ಎಂದು ಹೆಸರು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರು ಹಸಿದು ಹೋದರೆ ಮನೆತನದ ಮಾನ ಹೋಯಿತು ಎಂಬುದು ಮಾವನವರ ಹಟ. ಬರುವವರಂತೂ ಇತ್ತ ತಲೆ ಹಾಕುತ್ತಿರಲಿಲ್ಲ. ಅವರ ಪಾಲು ಮರುದಿನವೂ ಮುಚ್ಚಿದ ಪಾತ್ರೆಯಲ್ಲೇ ಕೂತು, ಹುಳಿ ವಾಸನೆ ಬಂದ ಮೇಲೆ ‘ದಾನ’ವಾಗುತ್ತಿತ್ತು. ಪಡೆಯುವವಳು ಪಾತ್ರೆ ತೊಳೆಯುವ ಹೆಂಗಸು. ಎಂಥ ಚೆಂದದ ದಾನ!

ಸೊಸೆ ಶಾಲೆಯಲ್ಲಿ ಟೀಚರ್. ಅನ್ನ ಹಾಳು ಮಾಡಬಾರದೆಂಬ ಪಾಠವನ್ನು ನಗರಸಭೆ ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತ್ತು. ಮಿಕ್ಕ ಊಟವನ್ನು ಬಿಸಿಯಾಗಿರುವಾಗಲೇ ಒಯ್ದು ಹಸಿದವರಿಗೆ ಮುಟ್ಟಿಸುವ ಗಾಡಿಯೂ ಸಂಜೆ ಬೀದಿಗೆ ಬರುತ್ತಿತ್ತು. ಮಕ್ಕಳಿಗೆ ಪಾಠ ಹೇಳಿ ಬಂದು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬೇಕಲ್ಲ ಎಂದು ಅವಳಿಗೆ ಮೈಯೆಲ್ಲ ಉರಿ.

“ಮಾವ, ಬಿಸಿ ಇರುವಾಗ್ಲೇ ಗಾಡಿಗೆ ಕೊಟ್ಬಿಡೋಣ” ಎಂದಳು ಒಂದು ದಿನ.

“ನಮ್ಮನೆ ಅನ್ನ ಬೀದಿ ಗಾಡಿಗಾ? ಆಮೇಲೆ ಬಂದವರಿಗೆ ನನ್ನ ತಲೆ ಬಡಿಸ್ತೀಯಾ?”

“ಯಾರೂ ಬರೋದೇ ಇಲ್ವಲ್ಲ ಮಾವ.”

“ಬಂದ್ರೆ? ನಿನ್ನ ಪಾಠ ಶಾಲೇಲೇ ಇಟ್ಕೋ ತಾಯಿ. ಇದು ಸಂಸಾರ.”

ಅತ್ತೆ ಸುಮ್ಮನಿರು ಎಂದು ಕೈ ಜಗ್ಗಿದರು. ಸೊಸೆ ಪಾತ್ರೆಗೆ ಮುಚ್ಚಳ ಹಾಕಿದಳು.

ಆ ವಾರ ಪಾತ್ರೆ ತೊಳೆಯುವವಳು ಕೆಲಸಕ್ಕೆ ಬರಲಿಲ್ಲ. ವಿಚಾರಿಸಿಕೊಂಡು ಹೋದ ಸೊಸೆಗೆ ಅವಳು ಸಿಕ್ಕಿದ್ದು ಆಸ್ಪತ್ರೆಯ ವರಾಂಡದಲ್ಲಿ. ಒಳಗೆ ಅವಳ ಪುಟ್ಟ ಮಗಳು ವಾಂತಿಭೇದಿಯಿಂದ ಬತ್ತಿಹೋಗಿ ಮಲಗಿದ್ದಳು.

“ಅನ್ನ ವಾಸನೆ ಬಂದಿತ್ತು ಟೀಚರಮ್ಮ. ಬೇಡ ಅಂದ್ರೆ ನಿಮ್ಮನೆ ಯಜಮಾನ್ರು ಕೊಬ್ಬು ಅಂತಾರೆ. ತೊಳೆದು, ಇನ್ನೊಂದ್ಸಲ ಬೇಯಿಸಿ ಕೊಟ್ಟೆ. ಬೇಯಿಸಿದ್ರೆ ಸರಿಹೋಗುತ್ತೆ ಅಂದ್ಕೊಂಡೆ.”

ಆ ಅನ್ನವನ್ನು ಡಬ್ಬಿಗೆ ತುಂಬಿಕೊಟ್ಟ ಕೈ ಸೊಸೆಯದೇ. ಮಾರನೆಯ ಬೆಳಗ್ಗೆ ಮಗು ತೀರಿಕೊಂಡಿತು.

“ಪಾಪ, ಅದರ ಆಯಸ್ಸೇ ಅಷ್ಟಿತ್ತು” ಎಂದರು ಮಾವ. ಸಂಜೆ ಕೈ ತೊಳೆದು ಊಟಕ್ಕೆ ಕೂತವರು, “ಮೊನ್ನೆಯ ಅನ್ನ ಇದೆಯಲ್ಲ, ಅವಳ ಮನೆಗೆ ಕಳಿಸು. ಸಾವಾದ ಮನೇಲಿ ಒಲೆ ಹಚ್ಚಿರಲ್ಲ” ಎಂದರು.

ಸೊಸೆಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂತು. ಮೊನ್ನೆಯ ಪಾತ್ರೆಯನ್ನು ತಂದು ಅವರ ತಟ್ಟೆಗೇ ಸುರಿದಳು.

ಮಾವ ಮೂಗು ಮುಚ್ಚಿಕೊಂಡರು. “ಥೂ! ಇದನ್ನ ಮನುಷ್ಯರು ತಿಂತಾರಾ?”

“ಆ ಮಗು ತಿಂತು.”

“ನೋಡೇ ಇವಳ ಸೊಕ್ಕು! ಹೇಳು ಇವಳಿಗೆ!” ಎಂದು ಅವರು ಹೆಂಡತಿಯ ಮೇಲೆ ಕೂಗಾಡಿದರು.

ಮದುವೆಯಾಗಿ ಬಂದಂದಿನಿಂದ ಎಂಟು ಜನಕ್ಕೆ ಬೇಯಿಸಿದ ಅತ್ತೆ ಅಡುಗೆಮನೆಗೆ ನಡೆದರು. ಒಲೆಯ ಮೇಲಿದ್ದ ಬಿಸಿ ಅನ್ನದ ಪಾತ್ರೆಯನ್ನು ಒಂದು ಕಡೆಯಿಂದ ಹಿಡಿದು, “ಆ ಕಡೆ ನೀನು ಹಿಡ್ಕೋ. ಗಾಡಿ ಬಂತು” ಎಂದರು ಸೊಸೆಗೆ.

ಮಾವ ಎದ್ದು ಬಾಗಿಲಿಗೆ ಅಡ್ಡ ನಿಂತರು. “ಯಾರಾದ್ರೂ ಬಂದ್ರೆ?”

“ತಟ್ಟೇಲಿ ಇದೆಯಲ್ಲ,” ಎಂದರು ಅತ್ತೆ, “ಅದನ್ನೇ ಬಡಿಸಿ.”