ಆಸರಿಗೆಯ ಚೊಂಬು

ಗ್ಯಾಸ್ ಸಿಲಿಂಡರು ಈ ಸಲ ಬೇಗ ಮುಗಿಯುತ್ತದೆ. ಅಮ್ಮ ಕಾರಣ ಕೇಳಿದರೆ ಎಂತ ಹೇಳಲಿ? ಎಲ್ಲರಿಗಿಂತ ಮೊದಲೆದ್ದು, ಕುಡಿಯುವ ನೀರನ್ನೆಲ್ಲ ಕುದಿಸಿ, ಆರಿಸಿ, ಮತ್ತೆ ಅದೇ ಕೊಡಕ್ಕೆ ತುಂಬಿಡುತ್ತಿದ್ದೇನೆ ಅಂತಲೇ?

ಮೈಕ್ರೋಬಯಾಲಜಿ ಓದಿದ ತಪ್ಪಿಗೆ ನಮ್ಮ ಬಾವಿಯ ನೀರನ್ನೊಮ್ಮೆ ಪರೀಕ್ಷೆಯ ಬಾಟಲಿಗೆ ಹಾಕಿಟ್ಟಿದ್ದೆ. ಮಾರನೇ ದಿನ ಕಪ್ಪಾಗಿತ್ತು. ಅಂದರೆ ನೀರಿಗೆ ಹೊಲಸು ಸೇರಿದೆ. ನಂಬಲಾಗದೆ ಇನ್ನೊಂದು ಇಟ್ಟೆ, ಅದೂ ಕಪ್ಪು. ಎರಡೂ ಕಪಾಟಿನಲ್ಲಿ ನನ್ನ ಚೂಡಿದಾರಗಳ ಹಿಂದಿವೆ.

ಶಿರಸಿ ಪೇಟೆ ಬೆಳೆದು ಬೆಳೆದು ನಮ್ಮ ಬೇಲಿಯವರೆಗೆ ಬಂದಿದೆ. ಹೊಸ ಬಡಾವಣೆಗಳ ಬಚ್ಚಲು, ಪಾಯಖಾನೆ ನೀರೆಲ್ಲ ನಮ್ಮ ಹಿತ್ತಲಾಚೆಯ ಹಳ್ಳಕ್ಕೇ. ಅದನ್ನು ಶುದ್ಧ ಮಾಡುವ ಘಟಕವನ್ನು ಹಳ್ಳದ ಆಚೆ ದಡದಲ್ಲಿ ಕಟ್ಟುತ್ತಾರಂತೆ. ದೊಡ್ಡಪ್ಪ ಬಿಡುತ್ತಿಲ್ಲ. "ಘಟಕ ಬಂದ್ರೆ ಯಂಗಳ ಬಾವಿ ಹಾಳಾಗ್ತು" ಎಂದು ಸಭೆ ಸಭೆಯಲ್ಲೂ ಹೇಳುತ್ತಾನೆ. ಅವನ ಅಪ್ಪ ತೋಡಿಸಿದ ಬಾವಿ. ಕೇರಿಗೆ ಕೇರಿಯೇ ಅವನ ಹಿಂದಿದೆ. ಬಾಟಲಿ ಹೊರಗೆ ತೆಗೆದರೆ ಅವನು ಯಾರ ಮುಖ ನೋಡಬೇಕು?

ತೆಗೆಯದಿದ್ದರೆ ಅಜ್ಜಿ. ಮಡಿಯಲ್ಲಿ ತಾನೇ ಸೇದಿದ ನೀರು ಬಿಟ್ಟು ಬೇರೆ ಕುಡಿಯುವವಳಲ್ಲ; ನಾನು ಕುದಿಸಿಟ್ಟ ಕೊಡ ಮುಟ್ಟುವುದಿಲ್ಲ. ಮೇಲಿಂದ ಮೇಲೆ ಹೊಟ್ಟೆ ಕೆಟ್ಟು ಮಲಗುತ್ತಾಳೆ. "ವಯಸ್ಸಾತಲೇ" ಎನ್ನುತ್ತಾರೆ ಮನೆಯಲ್ಲಿ. ನಾನೂ ತಲೆಯಾಡಿಸುತ್ತೇನೆ.

ಇವತ್ತು ಜಾಗ ನೋಡಲು ಎಂಜಿನಿಯರ್ ಗಂಗಾಂಬಿಕಾ ಬಂದರು. ಹಾವೇರಿ ಕಡೆಯವರು. ದೊಡ್ಡಪ್ಪ ಅವರನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಕೂಗಿದ: "ಕೂಸೇ, ಆಸರಿಗೆ ತಗಂಡು ಬಾ. ಈಗ ಸೇದಿದ್ದೇ ಬೇಕು!"

ಬಂದವರಿಗೆ ಬೆಲ್ಲ, ನೀರು ಕೊಡದೆ ನಮ್ಮಲ್ಲಿ ಮಾತೇ ಶುರುವಾಗುವುದಿಲ್ಲ. ಕೊಡದಿಂದ ಬಗ್ಗಿಸಿಕೊಳ್ಳೋಣ ಎಂದು ತಿರುಗಿದೆ. ಅಷ್ಟರಲ್ಲಿ ಅಮ್ಮ ಬಾವಿಯಿಂದ ಸೇದಿ ತಂದು, ತುಂಬಿದ ಚೊಂಬನ್ನು ನನ್ನ ಕೈಗಿಟ್ಟಳು.

"ಕುಡೀರಿ ಮೇಡಂ," ದೊಡ್ಡಪ್ಪ ಹೇಳುತ್ತಿದ್ದ. "ರುಚಿ ನೋಡಿ, ಆಮೇಲೆ ಹೇಳಿ. ಇಂಥ ಬಾವಿ ಪಕ್ಕ ಹೇಲುಗುಂಡಿ ಕಟ್ಲಿಕ್ಕೆ ಮನಸ್ಸು ಬರ್ತದಾ ಅಂತ."

ಅವರು ನಕ್ಕರು. "ಬೆಲ್ಲಾ ಕೊಟ್ಟು ಬೈತೀರಲ್ರೀ ಹೆಗಡೇರ! ತಾ ತಂಗಿ, ಬಿಸಿಲಾಗ ಬಾಯಿ ಒಣಗೇತಿ."

ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಕೈ ಚಾಚಿದರು. ಹಿಂದೆ ಬಾಗಿಲಲ್ಲಿ ಅಮ್ಮ, ಮುಂದೆ ಆ ಕೈ. ಒಳಕೋಣೆಯಲ್ಲಿ ಅಜ್ಜಿ ನರಳಿದ್ದು ಕೇಳಿತು.

"ಎಂತಕ್ಕೆ ನಿಂತ್ಕಂಡೆ? ಕೊಡೇ," ಎಂದ ದೊಡ್ಡಪ್ಪ.

ಚೊಂಬನ್ನು ಎದೆಗೆ ಅವುಚಿಕೊಂಡೆ. ನೀರು ತುಳುಕಿ ದುಪಟ್ಟಾ ನೆನೆಯಿತು.

"ದೊಡ್ಡಪ್ಪ, ಯಂಗಳ ಬಾವಿ ಈಗಲೇ ಕೆಟ್ಟೋಯ್ದು."