ಕೂಗದ ಮರಿ

ರಂಗಕ್ಕನ ಮಗಳು ಶಿವಲಕ್ಷ್ಮಿಗೆ ಏಳು ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಕೇಳುತ್ತಿತ್ತು, ಪಾತ್ರೆ ಬಿದ್ದರೆ ತಿರುಗಿ ನೋಡುತ್ತಿದ್ದಳು. ಆದರೆ ಹಸಿವಾಗಲಿ, ಮಂಡಿ ತರಚಲಿ, ಬಾಯಿಂದ ಸದ್ದೇ ಇಲ್ಲ. ಮಧುಗಿರಿಯ ಡಾಕ್ಟರು ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಮಿದುಳು ಬೆಳೆಯಲು ಬೇಕಾದ ಒಂದು ಜೀನ್ ಈ ಮಗುವಿನಲ್ಲಿ ಕೆಲಸ ಮಾಡುತ್ತಿಲ್ಲ ಎಂದು ವರದಿ ಬಂತು.

ಆಮೇಲೊಂದು ಬೆಳಿಗ್ಗೆ ಶ್ರೀಲತಾ ಎಂಬುವಳು ರಂಗಕ್ಕನ ಊರು ಚನ್ನರಾಯನದುರ್ಗಕ್ಕೆ ಬಂದಳು. ಅದೇ ಜೀನಿನ ಬಗ್ಗೆ ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುವವಳು, ಹುಟ್ಟಿದ್ದು ಇದೇ ಸೀಮೆಯ ಬರಗೂರಿನಲ್ಲಿ. ಅವಳಿಗೆ ತಾಯಿಯ ರಕ್ತವೂ ಬೇಕಿತ್ತು.

"ಯಾತಕ್ಕಮ್ಮ ನನ್ನ ರಕ್ತ?" ರಂಗಕ್ಕ ಕೇಳಿದಳು.

"ನಮ್ಮತ್ರ ಇಲಿಗಳವೆ ಕಣಕ್ಕ. ಆ ಜೀನ್ ಇಲ್ದಂಗೆ ಹುಟ್ಸಿರೋವು. ಮಿದುಳು ಎಲ್ಲಿ ದಾರಿ ತಪ್ತದೆ ಅಂತ ಅವುಗಳಲ್ಲಿ ನೋಡ್ತೀವಿ. ಆಮೇಲೆ ಮನುಷ್ಯರ ಜೊತೆ ತಾಳೆ ನೋಡ್ಬೇಕು."

"ಅವೂ ಮಾತಾಡಕಿಲ್ವಾ?"

ಶ್ರೀಲತಾ ಲ್ಯಾಪ್‌ಟಾಪ್ ತೆಗೆದಳು. ಗೂಡಿನಿಂದ ಆಚೆ ಇಟ್ಟ ಇಲಿಮರಿ ತಾಯಿಯನ್ನು ಕರೆಯುತ್ತದೆ, ಆ ಸ್ವರ ನಮ್ಮ ಕಿವಿಗೆ ನಿಲುಕದು, ಯಂತ್ರದಲ್ಲಿ ನಿಧಾನ ಮಾಡಿದರೆ ಕೇಳುತ್ತದೆ ಎಂದಳು. ಮೊದಲು ಒಂದು ಆರೋಗ್ಯವಂತ ಮರಿಯ ಕೂಗು. ಹಕ್ಕಿ ಸಿಳ್ಳೆ ಹಾಕಿದಂತೆ, ಬಿಡದೆ. ಆಮೇಲೆ ಜೀನ್ ಇಲ್ಲದ ಮರಿಯದು. ಬರೀ ಯಂತ್ರದ ಗೊರಗೊರ. ಬಹಳ ಹೊತ್ತಾದ ಮೇಲೆ ಎಳೆಯಷ್ಟು ಸಣ್ಣ ಒಂದು ಕೂಗು.

"ತಾಯಿ ಬಂತಾ?"

"ಬಂತು. ಕೂಗೋ ಮರಿ ಹತ್ರ ಓಡೋಗ್ತದೆ. ಇದನ್ನ ಹುಡುಕ್ಕೊಂಡು ಬರಕೆ ಹೊತ್ತಾಯ್ತು. ಆದ್ರೂ ಬಂತು."

ರಂಗಕ್ಕ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದಳು.

"ನಮ್ ಶಿವೂನೂ ನನ್ ಕಿವಿಗೆ ಸಿಗದಂಗೆ ಕರೀತಾ ಇರಬೌದಾ?"

"ಗೊತ್ತಿಲ್ಲಕ್ಕ," ಎಂದಳು ಶ್ರೀಲತಾ.

ರಂಗಕ್ಕ ರಕ್ತ ಕೊಡಲು ಕೈ ಚಾಚಿದಳು.

ಅಂದಿನಿಂದ ಅವಳು ಶ್ರೀಲತಾಳ ಫೋನಿಗಾಗಿ ಕಾದಳು. ಕೊರಟಗೆರೆ ಬಸ್ಸಿನಲ್ಲಿ ಯಾರದೋ ಮಗು "ಅವ್ವಾ" ಎಂದರೂ ಇವಳೇ ತಿರುಗುತ್ತಿದ್ದಳು. ತಿರುಗಿದ ಮೇಲೆ ನಾಚಿಕೆಯಾಗಿ ಕಿಟಕಿಯಾಚೆ ನೋಡುತ್ತಿದ್ದಳು.

ಎರಡು ವರ್ಷ ಕಳೆದ ಮೇಲೆ ಶ್ರೀಲತಾ ಫೋನ್ ಮಾಡಿದಳು.

"ಆ ಜೀನ್ ವಾಪಸ್ ಕೊಟ್ಟು ನೋಡಿದ್ವಿ ಅಕ್ಕ. ಹುಟ್ಟಿದ್ ಮೂರು ದಿನದೊಳಗೆ ಕೊಟ್ಟ ಮರಿಗಳು ಕೂಗಿದ್ವು."

ರಂಗಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. "ದೊಡ್ಡವಾದ್ಮೇಲೆ ಕೊಟ್ರೆ?"

"ಅವು ಸರಿಹೋಗಿಲ್ಲ ಅಕ್ಕ. ಇಲ್ಲೀಗಂಟ." ಶ್ರೀಲತಾಳ ದನಿ ತಗ್ಗಿತು. "ಇಲಿಯಂಗೇ ಮನುಷ್ಯರು ಅನ್ನಕಾಗಲ್ಲ. ಇನ್ನೂ ನೋಡ್ತಾ ಇದೀವಿ. ಸುಮ್ಮನೆ ಆಸೆ ಹುಟ್ಸಕೆ ಭಯ ನಂಗೆ."

"ಆಸೆ ನೀನು ಹುಟ್ಸಬೇಕಾ? ಬುಡಮ್ಮ." ರಂಗಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕೂಗಿದ್ವಲ್ಲ, ಆ ಮರಿಗಳತ್ರ ತಾಯಿ ಬಿರ್ರನೆ ಬಂತಾ?"

"ಬಂತು ಕಣಕ್ಕ."

"ಅಷ್ಟಾದ್ರೂ ಆಯ್ತು. ಮುಂದೆ ಹುಟ್ಟೋ ಮಕ್ಕಳಿಗೆ ಆಯ್ತದೆ."

ಶಿವಲಕ್ಷ್ಮಿ ಜಗಲಿಯ ಮೇಲೆ ಹುಣಸೆ ಬೀಜ ಸಾಲಾಗಿ ಜೋಡಿಸುತ್ತಿದ್ದಳು. ರಂಗಕ್ಕ ಪಕ್ಕದಲ್ಲಿ ಕೂತು ತಲೆ ಬಾಚತೊಡಗಿದಳು. ಬಾಚುತ್ತಾ ಅಂದಿನ ಸಮಾಚಾರವನ್ನೆಲ್ಲ ಹೇಳಿದಳು: ಮೇಕೆ ಈದಿದ್ದು, ಬೆಂಗಳೂರಿನ ಅಕ್ಕ ಫೋನ್ ಮಾಡಿದ್ದು, ಇಲಿಮರಿಗಳು ಕೂಗಿದ್ದು. ಒಂದೊಂದು ಮಾತಿಗೂ, ಮಗು ಹೂಂಗುಟ್ಟುವಷ್ಟು ಹೊತ್ತು ಬಿಟ್ಟು ಮುಂದಿನದನ್ನು ಹೇಳಿದಳು.